ಸ್ನಾಯು ಕರಗಿದಾಗ ಕಿಡ್ನಿಗೆ ಬೀಳುವ ಪೆಟ್ಟು

ಚಿತ್ರದುರ್ಗ ಮತ್ತು ದಾವಣಗೆರೆಯ ನಡುವೆ ಹೆದ್ದಾರಿ 48ರಲ್ಲಿ ಲಾರಿಯೊಂದು ಮಗುಚಿ, ನಜ್ಜುಗುಜ್ಜಾದ ಕ್ಯಾಬಿನ್ನಿನಲ್ಲಿ ಚಾಲಕನ ತೊಡೆ ಗಂಟೆಗಟ್ಟಲೆ ಸಿಕ್ಕಿಕೊಂಡಿತೆನ್ನಿ. ಕಬ್ಬಿಣ ಕತ್ತರಿಸಿ ಹೊರತೆಗೆದಾಗ ಅವನು ಮಾತನಾಡುತ್ತಾನೆ, ಗಾಯವೂ ದೊಡ್ಡದಾಗಿ ಕಾಣುವುದಿಲ್ಲ, ಬದುಕಿದ ಬಡಜೀವ ಎಂದು ನೆರೆದವರು ನಿಟ್ಟುಸಿರು ಬಿಡುತ್ತಾರೆ. ಅಪಾಯದ ದೊಡ್ಡ ಪಾಲು ಶುರುವಾಗುವುದು ಭಾರ ತೆಗೆದ ಮೇಲೆಯೇ. ಜಜ್ಜಿಹೋದ ಸ್ನಾಯುವಿಗೆ ರಕ್ತ ಮತ್ತೆ ಹರಿದೊಡನೆ ಅದರ ಜೀವಕೋಶಗಳಲ್ಲಿದ್ದ ಪೊಟ್ಯಾಸಿಯಂ ಮತ್ತು ಮಯೊಗ್ಲೋಬಿನ್ ಎಂಬ ಕೆಂಪು ಪ್ರೋಟೀನು ಮೈಯೆಲ್ಲ ಹರಡುತ್ತವೆ. ಪೊಟ್ಯಾಸಿಯಂ ಕೆಲವೇ ಗಂಟೆಗಳಲ್ಲಿ ಹೃದಯವನ್ನು ನಿಲ್ಲಿಸಬಲ್ಲುದು. ಮಯೊಗ್ಲೋಬಿನ್ ಒಂದೆರಡು ದಿನಗಳಲ್ಲಿ ಮೂತ್ರಪಿಂಡವನ್ನು ಕೆಡಿಸಬಲ್ಲುದು.

ಇದನ್ನು ವೈದ್ಯಲೋಕಕ್ಕೆ ಕಲಿಸಿದ್ದು ಯುದ್ಧಗಳು. ಮೊದಲ ಮಹಾಯುದ್ಧದಲ್ಲಿ ಮಣ್ಣಿನಡಿ ಹೂತುಹೋಗಿ ಸತ್ತ ಸೈನಿಕರ ಮೂತ್ರಪಿಂಡಗಳನ್ನು ಪರೀಕ್ಷಿಸಿದ ಜಪಾನಿನ ಸೈಗೊ ಮಿನಾಮಿ 1923ರಲ್ಲಿಯೇ ಸ್ನಾಯುವಿನ ಕಡೆಗೆ ಬೊಟ್ಟು ಮಾಡಿದ್ದರು. ಜರ್ಮನ್ ಭಾಷೆಯಲ್ಲಿದ್ದ ಆ ಬರಹವನ್ನು ಹೊರಗಿನವರು ಹೆಚ್ಚು ಗಮನಿಸಲಿಲ್ಲ. ಲಂಡನ್ನಿನ ಮೇಲೆ ಬಾಂಬು ಬಿದ್ದು, ಕುಸಿದ ಮನೆಗಳಡಿಯಿಂದ ತೆಗೆದವರು ಚೇತರಿಸಿಕೊಂಡಂತೆ ಕಂಡು ಆಮೇಲೆ ಮೂತ್ರ ಕಟ್ಟಿ ಸಾಯತೊಡಗಿದಾಗ, ಎರಿಕ್ ಬೈವಾಟರ್ಸ್ ಮತ್ತು ಡೆಸ್ಮಂಡ್ ಬೀಲ್ 1941ರಲ್ಲಿ ಅಂಥ ನಾಲ್ವರ ವಿವರಗಳನ್ನು ಪ್ರಕಟಿಸಿದರು. ಆಗ ಡಯಾಲಿಸಿಸ್ ಇನ್ನೂ ಚಿಕಿತ್ಸೆಯಾಗಿ ಬಳಕೆಗೆ ಬಂದಿರಲಿಲ್ಲ.

ಮೂತ್ರಪಿಂಡ ಕೆಡುವುದಕ್ಕೆ ಕಾರಣ ಒಂದೇ ಅಲ್ಲ. ಊದಿದ ಸ್ನಾಯು ರಕ್ತದ ದ್ರವವನ್ನು ಹೀರಿಕೊಳ್ಳುವುದರಿಂದ ಮೂತ್ರಪಿಂಡಕ್ಕೆ ರಕ್ತ ಕಡಿಮೆಯಾಗುತ್ತದೆ. ಆಮ್ಲೀಯ ಮೂತ್ರದಲ್ಲಿ ಮಯೊಗ್ಲೋಬಿನ್ ಅಲ್ಲಿನದೇ ಒಂದು ಪ್ರೋಟೀನಿನೊಡನೆ ಹೆಪ್ಪುಗಟ್ಟಿ ಸೂಕ್ಷ್ಮ ನಾಳಗಳನ್ನು ಮುಚ್ಚುತ್ತದೆ. ಅದರೊಳಗಿನ ಕಬ್ಬಿಣ ನಾಳದ ಗೋಡೆಯನ್ನೇ ಸುಡುತ್ತದೆ. ಸಾಕಷ್ಟು ದ್ರವ ಬೇಗ ಸಿಕ್ಕರೆ ಈ ಮೂರೂ ತಗ್ಗುತ್ತವೆ. 1982ರಲ್ಲಿ ಲೆಬನಾನಿನಲ್ಲಿ ಕಟ್ಟಡವೊಂದು ಕುಸಿದಾಗ ಸಿಕ್ಕಿಬಿದ್ದ 7 ಮಂದಿಗೆ ರಕ್ಷಣಾ ಸ್ಥಳದಲ್ಲಿಯೇ ಸಲೈನ್ ಏರಿಸಲಾಯಿತು. ಅವರಲ್ಲಿ ಯಾರಿಗೂ ಮೂತ್ರಪಿಂಡ ವೈಫಲ್ಯವಾಗಲಿಲ್ಲ. ಇಂದು ಅಂಗ ಬಿಡಿಸುವ ಮೊದಲೇ ವಯಸ್ಕರಿಗೆ ಗಂಟೆಗೆ ಸುಮಾರು 1 ಲೀಟರಿನಂತೆ ಸಾದಾ ಸಲೈನ್ ಆರಂಭಿಸಬೇಕೆಂಬ ಸಲಹೆಯಿದೆ. ಪೊಟ್ಯಾಸಿಯಂ ಇರುವ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ಇಲ್ಲಿ ಬೇಡ. ಹಾಗಾಗಿ ನನ್ನ ಮಟ್ಟಿಗೆ ಹೆದ್ದಾರಿಯ ಆಂಬುಲೆನ್ಸಿನಲ್ಲಿ ಆಗುವ ಕೆಲಸ ದೊಡ್ಡಾಸ್ಪತ್ರೆಯ ಡಯಾಲಿಸಿಸ್ ಯಂತ್ರಕ್ಕಿಂತ ಕಡಿಮೆಯದಲ್ಲ.

ಸ್ನಾಯು ಕರಗಲು ಅಪಘಾತವೇ ಆಗಬೇಕಿಲ್ಲ. ದುರ್ಗದ ಬಂಡೆಗಳಲ್ಲಿ ಗೂಡು ಕಟ್ಟುವ ಹೆಜ್ಜೇನು ಮುತ್ತಿ ನೂರಾರು ಕಡೆ ಕುಟುಕಿದಾಗ, ತಲೆಗೂದಲಿನ ಕೆಲವು ಬಣ್ಣಗಳಲ್ಲಿರುವ ರಾಸಾಯನಿಕ ಹೊಟ್ಟೆಗೆ ಹೋದಾಗ, ಉರಿಬಿಸಿಲಲ್ಲಿ ನೀರಿಲ್ಲದೆ ದುಡಿದಾಗಲೂ ಇದೇ ಆಗಬಹುದು. ಅಭ್ಯಾಸವಿಲ್ಲದವನು ಒಂದೇ ಸಲ ನೂರಾರು ಬಸ್ಕಿ ಹೊಡೆದರೂ ಸಾಕು. ದಾವಣಗೆರೆಯ ಗರಡಿ ಮನೆಗಳ ಉಸ್ತಾದರು ಹೊಸಬನಿಗೆ ಲೆಕ್ಕವನ್ನು ಮೆಲ್ಲಗೆ ಏರಿಸುವುದರ ಬೆಲೆ ಶಾಲೆಯಲ್ಲಿ ಬಸ್ಕಿಯನ್ನು ಶಿಕ್ಷೆಯಾಗಿ ಕೊಡುವವರಿಗೂ ತಿಳಿದಿರಬೇಕಿತ್ತು. ಮರುದಿನ ತೊಡೆ ಊದಿ, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದಾಗ ಹಲವರು ಮೈಕೈ ನೋವೆಂದು ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ನುಂಗುತ್ತಾರೆ. ಸೊರಗುತ್ತಿರುವ ಮೂತ್ರಪಿಂಡಕ್ಕೆ ಆ ಮಾತ್ರೆ ಇನ್ನೊಂದು ಪೆಟ್ಟು.

ಪತ್ತೆಹಚ್ಚುವುದು ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲಿಯೂ ಕಷ್ಟವಲ್ಲ. ಮೂತ್ರಕ್ಕೆ ಅದ್ದಿದ ಪಟ್ಟಿ ರಕ್ತವಿದೆ ಎನ್ನುತ್ತದೆ, ಸೂಕ್ಷ್ಮದರ್ಶಕದಲ್ಲಿ ಕೆಂಪು ರಕ್ತಕಣ ಕಾಣುವುದಿಲ್ಲ. ಪಟ್ಟಿಗೆ ಮಯೊಗ್ಲೋಬಿನ್ನಿಗೂ ರಕ್ತಕ್ಕೂ ವ್ಯತ್ಯಾಸ ತಿಳಿಯದಿರುವುದೇ ಇದಕ್ಕೆ ಕಾರಣ. ಆಗ ಕೆಟ್ಟ ಸ್ನಾಯುವಿನಿಂದ ರಕ್ತಕ್ಕೆ ಸೋರುವ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವದ ಪರೀಕ್ಷೆ ಮಾಡಿಸಬೇಕು, ಅದರ ಪ್ರಮಾಣ ಲೀಟರಿಗೆ 5,000 ಯೂನಿಟ್ ದಾಟಿದ್ದರೆ ಮೂತ್ರಪಿಂಡದ ಮೇಲೆ ಕಣ್ಣಿಡಬೇಕು.