ಸ್ಪ್ಯಾನಿಷ್ ನಾಲಿಗೆಗೆ ಇಂಗ್ಲಿಷ್ ವ್ಯಾಕರಣ

ಮೆಕ್ಸಿಕೊದಿಂದಲೋ ಕೊಲಂಬಿಯಾದಿಂದಲೋ ಬಂದು ಹೊಸದಾಗಿ ಇಂಗ್ಲಿಷ್ ಕಲಿಯುತ್ತಿರುವವರು ಮಳೆ ಬಂತೆಂದರೆ ‘ಈಸ್ ರೇನಿಂಗ್’ ಎನ್ನುವುದುಂಟು. ಮುಂದಿರಬೇಕಾದ ‘ಇಟ್’ ಮಾಯ. ವಯಸ್ಸು ಕೇಳಿದರೆ ‘ಐ ಹ್ಯಾವ್ ಟ್ವೆಂಟಿ ಇಯರ್ಸ್’. ಊರ ಜನ ಒಳ್ಳೆಯವರು ಎನ್ನಬೇಕಾದರೆ ‘ದ ಪೀಪಲ್ ಈಸ್ ಗುಡ್’. ಕೇಳಿದವರಿಗೆ ಬರೀ ಅಜಾಗರೂಕತೆ ಅನ್ನಿಸಬಹುದು. ಆದರೆ ಈ ಒಂದೊಂದು ತಪ್ಪಿನ ಹಿಂದೆಯೂ ಸ್ಪ್ಯಾನಿಷ್‌ನ ಅಚ್ಚುಕಟ್ಟಾದ ನಿಯಮವೊಂದು ಕೆಲಸ ಮಾಡುತ್ತಿದೆ.

ಮೊದಲು ಆ ‘ಇಟ್’. ಸ್ಪ್ಯಾನಿಷ್‌ನಲ್ಲಿ ‘ಮಾತಾಡು’ ಎಂಬ ಕ್ರಿಯಾಪದಕ್ಕೆ ವರ್ತಮಾನ ಕಾಲದಲ್ಲೇ ಆರು ರೂಪ: ಆಬ್ಲೊ, ಆಬ್ಲಾಸ್, ಆಬ್ಲಾ, ಆಬ್ಲಾಮೊಸ್, ಆಬ್ಲಾಯ್ಸ್, ಆಬ್ಲಾನ್. ‘ಆಬ್ಲೊ’ ಅಂದರೆ ಸಾಕು, ‘ನಾನು’ ಅದರೊಳಗೇ ಬಂತು. ನಮಗೂ ಇದು ಹೊಸತಲ್ಲ. ‘ಬಂದೆ’ ಎಂದವರನ್ನು ಯಾರು ಬಂದದ್ದು ಎಂದು ನಾವು ಕೇಳುವುದಿಲ್ಲ. ಇಂಗ್ಲಿಷ್ ಕ್ರಿಯಾಪದದ ಪ್ರತ್ಯಯಗಳು ಬಹುಪಾಲು ಸವೆದುಹೋಗಿವೆ. ಹಾಗಾಗಿ ಅಲ್ಲಿ ಕರ್ತೃಪದ ಕಡ್ಡಾಯ, ಕರ್ತೃವೇ ಇಲ್ಲದ ಕಡೆಯೂ ಕಡ್ಡಾಯ. ಮಳೆ ಸುರಿಸುವ ಆ ‘ಇಟ್’ ಯಾವುದು ಎಂದರೆ ಇಂಗ್ಲಿಷರ ಹತ್ತಿರವೂ ಉತ್ತರವಿಲ್ಲ!

ಉಳಿದ ಎರಡು ಸುಲಭ. ಸ್ಪ್ಯಾನಿಷ್‌ನಲ್ಲಿ ವಯಸ್ಸು ‘ಆಗುವುದಿಲ್ಲ’, ‘ಇರುತ್ತದೆ’. ಜನ ಎಂಬರ್ಥದ ‘ಹೆಂತೆ’ ಏಕವಚನ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ‘ಹಿಸ್’ ಮತ್ತು ‘ಹರ್’ ಗೊಂದಲ. ಅವನ, ಅವಳ, ಅವರ, ನಿಮ್ಮ—ಇಷ್ಟಕ್ಕೂ ಸ್ಪ್ಯಾನಿಷ್‌ನಲ್ಲಿ ‘ಸು’ ಎಂಬ ಒಂದೇ ಪದ. ಅದು ಒಡೆಯ ಗಂಡೋ ಹೆಣ್ಣೋ ಹೇಳುವುದಿಲ್ಲ. ಅದರ ಮೇಲೆ, ಆ ಭಾಷೆಯಲ್ಲಿ ವಿಶೇಷಣಗಳ ಲಿಂಗ ಪಕ್ಕದ ನಾಮಪದವನ್ನು ಅನುಸರಿಸುತ್ತದೆ. ಆ ರೂಢಿಯಲ್ಲೇ ಪೆಡ್ರೊನ ತಾಯಿ ‘ಹರ್ ಮದರ್’ ಆಗಿಬಿಡುತ್ತಾಳೆ: ತಾಯಿ ಹೆಣ್ಣಲ್ಲವೇ, ಅದಕ್ಕೆ ‘ಹರ್’. ಲೆಕ್ಕ ಸರಿಯಾಗಿಯೇ ಇದೆ, ನೋಡಿದ್ದು ಮಾತ್ರ ಬೇರೆಯವರನ್ನು. ‘ಅವನ’, ‘ಅವಳ’ ಬೇರೆಬೇರೆ ಇರುವ ಕನ್ನಡಿಗರಿಗೆ ಈ ಕಾಟವಿಲ್ಲ.

ಇಂಗ್ಲಿಷ್‌ನ ‘ದ’ ಎಂಬ ಪದದ ವಿಷಯದಲ್ಲಂತೂ ನಾವು ಮತ್ತು ಅವರು ಎದುರುಬದುರು. ನಮ್ಮಲ್ಲಿ ಅಂಥ ಪದವೇ ಇಲ್ಲ, ಬೇಕಾದ ಕಡೆ ಬಿಡುತ್ತೇವೆ. ಅವರಲ್ಲಿ ಅದು ಇಂಗ್ಲಿಷ್‌ಗಿಂತ ಧಾರಾಳ. ಬದುಕು ಕಷ್ಟ ಎನ್ನುವಾಗಲೂ ‘ದ ಲೈಫ್’, ಕಾಫಿ ಇಷ್ಟ ಎನ್ನುವಾಗಲೂ ‘ದ ಕಾಫಿ’.

ಇಂಥ ಹೋಲಿಕೆಗಳನ್ನು ಶಾಸ್ತ್ರವಾಗಿ ಕಟ್ಟಿದವರಲ್ಲಿ ಭಾಷಾವಿಜ್ಞಾನಿ ರಾಬರ್ಟ್ ಲಾಡೊ ಪ್ರಮುಖರು. ಸ್ಪೇನ್‌ನಿಂದ ಫ್ಲಾರಿಡಾಕ್ಕೆ ವಲಸೆ ಬಂದ ದಂಪತಿಯ ಮಗ. ಎರಡು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಲಿಯುವವರು ಎಲ್ಲಿ ಎಡವುತ್ತಾರೆಂದು ಮೊದಲೇ ಹೇಳಬಹುದು ಎಂಬುದು 1957ರಲ್ಲಿ ಅವರು ಮಂಡಿಸಿದ ವಾದ. ಒಂದೇ ಥರ ಇದ್ದದ್ದು ಸಲೀಸು, ಬೇರೆ ಇದ್ದದ್ದು ತೊಡಕು.

ಈ ವಾದ ಮುಗ್ಗರಿಸುವುದು ಪುಟ್ಟದೊಂದು ‘ಸ್’ ಎದುರಿಗೆ. ‘ಐ ಗೋ’, ‘ಯೂ ಗೋ’, ಆದರೆ ‘ಶೀ ಗೋಸ್’. ಆರು ರೂಪಗಳನ್ನು ಲೀಲಾಜಾಲವಾಗಿ ಬಳಸುವವರಿಗೆ ಈ ಒಂದು ಪ್ರತ್ಯಯ ಯಾವ ಲೆಕ್ಕ? ಆದರೂ ಅವರು ವರ್ಷಗಟ್ಟಲೆ ‘ಶೀ ಗೋ’ ಎನ್ನುತ್ತಲೇ ಇರುತ್ತಾರೆ. ಕ್ರಿಯಾಪದ ಬದಲಾಗುವುದೇ ಇಲ್ಲದ ಚೀನೀ ಭಾಷೆಯವರೂ ಹಾಗೇ. 1974ರಲ್ಲಿ ಭಾಷಾ ಸಂಶೋಧಕರಾದ ಹೈಡಿ ಡ್ಯೂಲೇ ಮತ್ತು ಮರೀನಾ ಬರ್ಟ್ ಅಮೆರಿಕದಲ್ಲಿ ಸ್ಪ್ಯಾನಿಷ್ ಮನೆಮಾತಿನ 60 ಮಕ್ಕಳು, ಚೀನೀ ಮನೆಮಾತಿನ 55 ಮಕ್ಕಳ ಇಂಗ್ಲಿಷ್ ಮಾತನ್ನು ಪರೀಕ್ಷಿಸಿದರು. 11 ವ್ಯಾಕರಣ ಅಂಶಗಳನ್ನು ಮಕ್ಕಳು ರೂಢಿಸಿಕೊಂಡ ಕ್ರಮ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಮನೆಮಾತಿನ ಪಾತ್ರವೇ ಅತ್ಯಲ್ಪ ಎಂದು ಅವರು ಹೊರಟದ್ದು ಮಾತ್ರ ಅತಿಯಾಯಿತು. ‘ಹರ್ ಮದರ್’ ಎಂದವನ ಬಾಯಲ್ಲಿ ಸ್ಪ್ಯಾನಿಷ್ ಅಲ್ಲದೆ ಇನ್ನೇನಿದೆ?

‘ಸ್’ ಯಾಕಿಷ್ಟು ಸತಾಯಿಸುತ್ತದೆ ಎಂಬುದಕ್ಕೆ ನಂಬಬಹುದಾದ ವಿವರಣೆಯಿದೆ. ‘ಆಬ್ಲೊ’ದ ಕೊನೆಯ ‘ಒ’ ತೆಗೆದರೆ ಮಾತಾಡುತ್ತಿರುವುದು ಯಾರೆಂದೇ ತಿಳಿಯದು. ‘ಶೀ ಗೋಸ್’ನಲ್ಲಿ ‘ಶೀ’ ಆಗಲೇ ಎಲ್ಲವನ್ನೂ ಹೇಳಿಯಾಗಿದೆ. ಬಾಲದ ‘ಸ್’ ಹೊಸದೇನನ್ನೂ ಹೇಳುವುದಿಲ್ಲ, ಕಿವಿಗೂ ಸರಿಯಾಗಿ ಬೀಳುವುದಿಲ್ಲ. ಇಂಗ್ಲಿಷೇ ಮನೆಮಾತಾದ ಮೂವರು ಮಕ್ಕಳನ್ನು ಹಾರ್ವರ್ಡ್‌ನ ಮನೋವಿಜ್ಞಾನಿ ರೋಜರ್ ಬ್ರೌನ್ ಗಮನಿಸಿ 1973ರಲ್ಲಿ ಪ್ರಕಟಿಸಿದ ಕಲಿಕೆಯ ಕ್ರಮದಲ್ಲಿ, 14 ಅಂಶಗಳ ಪೈಕಿ ಬಹುವಚನದ ‘ಸ್’ 4ನೆಯದು, ಒಡೆತನದ ‘ಸ್’ 6ನೆಯದು, ಕ್ರಿಯಾಪದದ ಈ ‘ಸ್’ 10ನೆಯದು. ದನಿ ಒಂದೇ, ಕೆಲಸ ಬೇರೆ. ಇನ್ನು ಇಂಗ್ಲೆಂಡಿನದೇ ನಾರ್ಫೋಕ್ ಕಡೆಯ ಆಡುನುಡಿಯಲ್ಲಿ ‘ಶೀ ಗೋ’ ಎಂಬುದೇ ರೂಢಿ, ಯಾರಿಗೂ ಅರ್ಥವಾಗದೆ ಹೋಗಿಲ್ಲ.