ಇನ್ನೊಂದು ಪ್ಯಾನೆಲ್ ಹಾಕಿಸುವ ಮೊದಲು

"ಸಾರ್, ಇನ್ನೊಂದು ಪ್ಯಾನೆಲ್ ಹಾಕಿಕೊಡಿ. ಬ್ಯಾಟರಿ ತುಂಬ್ತಾನೇ ಇಲ್ಲ."

ಕ್ಯಾರವಾನ್ ಇಟ್ಟುಕೊಂಡವರಿಂದ ನನಗೆ ಬರುವ ಫೋನ್‌ಗಳಲ್ಲಿ ಅರ್ಧಕ್ಕರ್ಧ ಇದೇ ಮಾತು. ನಾನು ಮೈಸೂರಿನಲ್ಲಿ ಮನೆಗಳಿಗೆ ಯುಪಿಎಸ್, ಸೋಲಾರ್ ಹಾಕುವವನು. ನಾಲ್ಕೈದು ವರ್ಷದಿಂದ ಗಾಡಿಗಳ ಕೆಲಸವೂ ಬರುತ್ತಿದೆ. ಹೆಚ್ಚಿನವು ಟೆಂಪೋ ಟ್ರಾವೆಲರ್‌ಗಳು. ಆಗೊಮ್ಮೆ ಈಗೊಮ್ಮೆ ಜೀಪಿನ ಹಿಂದೆ ಎಳೆದುಕೊಂಡು ಹೋಗುವ ಟ್ರೇಲರ್. ಯಾವುದೇ ಇರಲಿ, ನನ್ನ ಉತ್ತರ ಒಂದೇ: ಪ್ಯಾನೆಲ್ ಆಮೇಲೆ ನೋಡೋಣ, ಮೊದಲು ಗಾಡಿ ತನ್ನಿ.

ಹೋದ ಬೇಸಿಗೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಟ್ರೇಲರ್ ತಂದರು. ಮೇಲೆ 160 ವ್ಯಾಟ್‌ನ ಎರಡು ಪ್ಯಾನೆಲ್, ಹಾಸಿಗೆಯ ಕೆಳಗೆ 150 ಆಂಪಿಯರ್ ಅವರ್‌ನ ಟ್ಯೂಬ್ಯುಲರ್ ಲೆಡ್ ಆಸಿಡ್ ಬ್ಯಾಟರಿ, ಪ್ಯಾನೆಲ್‌ನ ವೋಲ್ಟನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಇಳಿಸಿ ಚಾರ್ಜ್ ಮಾಡುವ ಒಳ್ಳೆಯ ಎಂಪಿಪಿಟಿ ಕಂಟ್ರೋಲರ್. ಲೆಕ್ಕಕ್ಕೆ ಏನೂ ಕಡಿಮೆ ಇರಲಿಲ್ಲ. ಆದರೂ ಮೂರೇ ತಿಂಗಳಲ್ಲಿ ರಾತ್ರಿ 2 ಗಂಟೆಗೆ ಫ್ರಿಜ್ ನಿಂತುಹೋಗಲು ಶುರುವಾಗಿತ್ತು. ಬಾಗಿಲ ಪಕ್ಕದ ಕಂಟ್ರೋಲರ್ ತೋರಿಸಿ, "ನೋಡಿ, 14.4 ವೋಲ್ಟ್ ಬರ್ತಿದೆ, ಚಾರ್ಜ್ ಚೆನ್ನಾಗೇ ಆಗ್ತಿದೆ ಅಲ್ವಾ?" ಎಂದರು. ನಾನು ಹಾಸಿಗೆ ಎತ್ತಿ, ಮಲ್ಟಿಮೀಟರ್‌ನ ಎರಡು ಮುಳ್ಳುಗಳನ್ನು ಸೀದಾ ಬ್ಯಾಟರಿ ಟರ್ಮಿನಲ್ ಮೇಲೆ ಇಟ್ಟೆ. 13.3.

ಐದು ಮೀಟರ್ ದಾರಿಯಲ್ಲಿ 1.1 ವೋಲ್ಟ್ ಮಾಯ! ತಿಂದದ್ದು ವೈರು. ಹಿಂದೆ ಕೆಲಸ ಮಾಡಿದವರು ಮನೆಗೆ ಎಳೆಯುವ 2.5 ಸ್ಕ್ವೇರ್ ಎಂಎಂ ವೈರನ್ನೇ ಎಳೆದಿದ್ದರು. ಹೋಗಿ ಬರುವುದು ಸೇರಿ 10 ಮೀಟರ್. ಅಷ್ಟು ತಾಮ್ರದ ತಡೆ ಸುಮಾರು 0.074 ಓಮ್. ಅದರಲ್ಲಿ 15 ಆಂಪಿಯರ್ ಹರಿದರೆ 1.1 ವೋಲ್ಟ್ ಶಾಖವಾಗಿ ಹೋಗುತ್ತದೆ. ಮನೆಯ 230 ವೋಲ್ಟ್‌ನಲ್ಲಿ ಒಂದು ವೋಲ್ಟ್ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಹನ್ನೆರಡು ವೋಲ್ಟ್‌ನಲ್ಲಿ ಹಾಗಲ್ಲ. ಲೆಡ್ ಆಸಿಡ್ ಬ್ಯಾಟರಿ ತುಂಬಿ ಸುಮ್ಮನೆ ಕೂತಾಗ 12.7, ಅರ್ಧ ಖಾಲಿಯಾದಾಗ 12.1. ಎಲ್ಲ ಆಟವೂ ಅಷ್ಟರೊಳಗೇ.

ಬ್ಯಾಟರಿ ತುಂಬುವುದು ಮೂಟೆಗೆ ಭತ್ತ ತುಂಬಿದ ಹಾಗೆ. ಮುಕ್ಕಾಲು ಮೂಟೆ ಸುರಿದದ್ದೇ ತಡ ತುಂಬುತ್ತದೆ. ಕೊನೆಯ ಕಾಲು ಭಾಗಕ್ಕೆ ಕುಲುಕಬೇಕು, ಅದುಮಬೇಕು. ಲೆಡ್ ಆಸಿಡ್‌ಗೆ ಶೇ. 80 ಆದಮೇಲೆ ಉಳಿದ 20ಕ್ಕೆ 14.4ರ ಆಸುಪಾಸಿನಲ್ಲಿ ಕೆಲವು ಗಂಟೆ ಹಿಡಿದಿಡಬೇಕು. ಮೇಷ್ಟ್ರ ಕಂಟ್ರೋಲರ್ ವೈರಿನ ತನ್ನ ತುದಿಯಲ್ಲಿ 14.4 ನೋಡಿ, ಬ್ಯಾಟರಿಗೂ ಅಷ್ಟೇ ಸಿಕ್ಕಿದೆ ಎಂದುಕೊಳ್ಳುತ್ತಿತ್ತು. ಎರಡು ಗಂಟೆ ಲೆಕ್ಕ ಹಿಡಿದು ಫ್ಲೋಟ್‌ಗೆ, ಅಂದರೆ ತುಂಬಿದ ಬ್ಯಾಟರಿಯನ್ನು ಹಾಗೇ ಕಾಯುವ ಕಡಿಮೆ ವೋಲ್ಟ್‌ಗೆ, ಇಳಿದುಬಿಡುತ್ತಿತ್ತು. ದಿನಾ ಅರೆಹೊಟ್ಟೆ. ಹಾಗೆ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿಯ ಹೊಟ್ಟೆಯೇ ಚಿಕ್ಕದಾಗುತ್ತದೆ.

ತಮಾಷೆ ಏನೆಂದರೆ, ಅವರು ಕೇಳಿದಂತೆ ಇನ್ನೊಂದು ಪ್ಯಾನೆಲ್ ಹಾಕಿದ್ದರೆ ವೈರಿನಲ್ಲಿ 20 ಆಂಪಿಯರ್ ಹರಿದು, 1.1ರ ಬದಲು ಸುಮಾರು 1.5 ವೋಲ್ಟ್ ಹೋಗುತ್ತಿತ್ತು. ಕಂಟ್ರೋಲರ್ ಇನ್ನೂ ಬೇಗ ಮೋಸ ಹೋಗುತ್ತಿತ್ತು.

ನಾನು ಮಾಡಿದ್ದು ಇಷ್ಟೇ. ಕಂಟ್ರೋಲರನ್ನು ಬ್ಯಾಟರಿಗೆ ಒಂದಡಿ ದೂರಕ್ಕೆ ತಂದೆ. ಅವೆರಡರ ನಡುವೆ 10 ಸ್ಕ್ವೇರ್ ಎಂಎಂ ವೈರು, ಟರ್ಮಿನಲ್‌ನಿಂದ ಗೇಣು ದೂರದೊಳಗೆ ಫ್ಯೂಸ್. ಫ್ಯೂಸ್ ಇಲ್ಲದ ಬ್ಯಾಟರಿ ಗಾಡಿಯಲ್ಲಿ ಬೆಂಕಿಯೇ ಸರಿ, ಅದರಲ್ಲಿ ರಾಜಿ ಇಲ್ಲ. ಪ್ಯಾನೆಲ್‌ಗಳನ್ನು ಸೀರೀಸ್ ಮಾಡಿದೆ, ಅಂದರೆ ಒಂದರ ಹಿಂದೆ ಒಂದು ಜೋಡಿಸಿದೆ. ಈಗ ಉದ್ದದ ಹಳೇ ವೈರಿನಲ್ಲಿ 35 ವೋಲ್ಟ್ ಆಸುಪಾಸು, ಆಂಪಿಯರ್ ಅರ್ಧ. ಅಲ್ಲಿ ಅರ್ಧ ವೋಲ್ಟ್ ಹೋದರೂ ಲೆಕ್ಕಕ್ಕಿಲ್ಲ, ಕಂಟ್ರೋಲರ್‌ಗೂ ತಪ್ಪು ಸುದ್ದಿ ಹೋಗುವುದಿಲ್ಲ. ಬ್ಯಾಟರಿಯನ್ನು ಹಾಸಿಗೆಯ ಕೆಳಗಿನಿಂದ ತೆಗೆದು, ಹೊರಗೆ ಗಾಳಿಯಾಡುವ ಪೆಟ್ಟಿಗೆಗೆ ಹಾಕಿದೆ. ಚಾರ್ಜ್ ಆಗುವಾಗ ಟ್ಯೂಬ್ಯುಲರ್ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಅದರ ಮೇಲೆ ಮಲಗುವುದು ಬೇಡ.

ಜೀಪಿನಿಂದ ಚಾರ್ಜ್ ಆಗಲ್ವಾ ಎಂದು ಕೇಳಿದರು. ಟ್ರೇಲರ್‌ನ ಲೈಟಿಗೆ ಹೋಗುವ ಸಣ್ಣ ವೈರಿನಲ್ಲಿ ಏನೂ ಬರುವುದಿಲ್ಲ, ಅದೂ ಇದೇ ಕತೆ. ಬೇಕಾದರೆ ದಪ್ಪ ವೈರು ಎಳೆದು, ಜೀಪಿನಿಂದ ಬರುವ ವೋಲ್ಟನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಏರಿಸುವ ಡಿಸಿ-ಡಿಸಿ ಚಾರ್ಜರನ್ನು ಬ್ಯಾಟರಿ ಪಕ್ಕದಲ್ಲಿ ಇಡಬೇಕು.

ನೆರಳಿನ ವಿಷಯ ಮಾತ್ರ ವೈರು ಬದಲಿಸಿದರೆ ಹೋಗುವುದಲ್ಲ. ನಮ್ಮ ಜನ ಗಾಡಿ ನಿಲ್ಲಿಸುವುದೇ ಮರದ ಕೆಳಗೆ. ತಪ್ಪೇನಿಲ್ಲ, ಏಪ್ರಿಲ್ ಬಿಸಿಲಲ್ಲಿ ತಗಡಿನ ಡಬ್ಬಿಯೊಳಗೆ ಯಾರು ಕೂರುತ್ತಾರೆ? ಆದರೆ ಪ್ಯಾನೆಲ್‌ನ ಸೆಲ್‌ಗಳು ಸರದ ಮಣಿಗಳಂತೆ ಸಾಲಾಗಿ ಪೋಣಿಸಿದವು. ಒಂದು ಸೆಲ್ ಪೂರ್ತಿ ನೆರಳಿಗೆ ಬಿದ್ದರೂ 36 ಸೆಲ್‌ನ ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ ಅರ್ಧ ಪ್ಯಾನೆಲ್ಲೇ ಕೆಲಸ ನಿಲ್ಲಿಸುತ್ತದೆ. ಸಕಲೇಶಪುರದ ತೋಟದಲ್ಲಿ ಸಿಲ್ವರ್ ಓಕ್ ನಡುವೆ ನಿಲ್ಲಿಸಿದರೆ ಛಾವಣಿಯ 320 ವ್ಯಾಟ್ ಬರೀ ಅಲಂಕಾರ. ಅಂಥವರಿಗೆ ನಾನು ಹೇಳುವುದು ಮಡಚುವ ಪ್ಯಾನೆಲ್, 10 ಮೀಟರ್ ವೈರು. ಗಾಡಿ ನೆರಳಲ್ಲಿ, ಪ್ಯಾನೆಲ್ ಬಿಸಿಲಲ್ಲಿ. ಛಾವಣಿಗೆ ಅಂಟಿಸುವ ತೆಳು ಪ್ಯಾನೆಲ್ ನನಗೆ ಇಷ್ಟವಿಲ್ಲ. ಕೆಳಗೆ ಗಾಳಿ ಆಡದೆ ಬೇಯುತ್ತದೆ. ಪ್ಯಾನೆಲ್ ಮೇಲೆ ಬರೆದ ವ್ಯಾಟ್ 25 ಡಿಗ್ರಿಯದು. ಸೆಲ್ 65 ಡಿಗ್ರಿಗೆ ಕಾದರೆ ಶೇ. 15ರಷ್ಟು ಕಡಿಮೆಯಾಗುತ್ತದೆ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿಸಲಾ ಎಂದೂ ಮೇಷ್ಟ್ರು ಕೇಳಿದರು. ದುಡ್ಡಿದ್ದರೆ ಹಾಕಿಸಿ ಎಂದೆ. ಅದಕ್ಕೆ ದಿನಾ ಪೂರ್ತಿ ತುಂಬಲೇಬೇಕೆಂಬ ಹಟವಿಲ್ಲ, ತೂಕವೂ ಕಡಿಮೆ. ಲಡಾಖ್‌ಗೆ ಹೋಗುವವರಿಗೆ ಮಾತ್ರ ಒಂದು ಎಚ್ಚರಿಕೆ: ಸೆಲ್ ಸೊನ್ನೆ ಡಿಗ್ರಿಗಿಂತ ತಣ್ಣಗಿದ್ದಾಗ ಚಾರ್ಜ್ ಮಾಡಿದರೆ ಅದು ಹಾಳು. ಆ ಚಳಿಯಲ್ಲಿ ಚಾರ್ಜ್ ತಡೆಯುವ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಇದೆಯಾ ಕೇಳಿಯೇ ಕೊಳ್ಳಿ.

ಮೇಷ್ಟ್ರು ಕೊನೆಗೆ ಹಳೇ ಬ್ಯಾಟರಿಯಲ್ಲೇ ಮುಂದುವರಿದರು. ಅಂಗಡಿಯಲ್ಲಿ ಒಂದು ರಾತ್ರಿಯೆಲ್ಲ ಚಾರ್ಜಿಗೆ ಹಾಕಿದೆ. ಹಳೆಯ ಕಸುವು ಪೂರ್ತಿ ಬರಲಿಲ್ಲ, ಆದರೆ ರಾತ್ರಿ ಕಳೆಯುವಷ್ಟು ಬಂತು. ಅವರ ದಿನದ ಖರ್ಚು ಫ್ರಿಜ್, ಡಿಸಿ ಫ್ಯಾನ್, ಲೈಟ್, ಫೋನ್ ಸೇರಿ 800 ವ್ಯಾಟ್ ಅವರ್ ಒಳಗೇ.

ಹದಿನೈದು ದಿನ ಬಿಟ್ಟು ಹಂಪಿಯಿಂದ ಫೋನ್. ಬೆಳಿಗ್ಗೆ 6ಕ್ಕೂ ಫ್ರಿಜ್ ಓಡುತ್ತಿದೆಯಂತೆ. "ಹಾಗಾದ್ರೆ ಇಂಡಕ್ಷನ್ ಒಲೆ ಇಟ್ಕೋಬಹುದಾ?" ಎಂದರು. 2,000 ವ್ಯಾಟ್ ಒಲೆ 12 ವೋಲ್ಟ್ ಬ್ಯಾಟರಿಯಿಂದ 170 ಆಂಪಿಯರ್‌ಗೂ ಜಾಸ್ತಿ ಎಳೆಯುತ್ತದೆ ಮೇಷ್ಟ್ರೇ, ಸಣ್ಣ ಗ್ಯಾಸ್ ಸಿಲಿಂಡರ್ ಇಟ್ಕೊಳ್ಳಿ ಎಂದೆ.