ಚಿನ್ನದ ಗಟ್ಟಿಗೆ ಬೆಲೆ ಕಟ್ಟುವ ಲೆಕ್ಕ: 999ರ ದರದಿಂದ 995ಕ್ಕೆ

ಚಿನ್ನದ ಗಟ್ಟಿಗೆ ಬೆಲೆ ಬರುವುದು ಅದರೊಳಗಿನ ಶುದ್ಧ ಚಿನ್ನದ ತೂಕದಿಂದ. ತಕ್ಕಡಿ ತೋರಿಸುವ ಒಟ್ಟು ತೂಕವನ್ನು ಶುದ್ಧತೆಯಿಂದ ಗುಣಿಸಿದರೆ ಆ ತೂಕ ಸಿಗುತ್ತದೆ. ಗಟ್ಟಿಯ ಮೇಲೆ 995 ಎಂಬ ಮುದ್ರೆ ಇದ್ದರೆ ಸಾವಿರ ಭಾಗಗಳಲ್ಲಿ 995 ಭಾಗ ಚಿನ್ನ, ಉಳಿದ 5 ಭಾಗ ಬೆಳ್ಳಿ, ತಾಮ್ರದಂಥ ಬೇರೆ ಲೋಹ ಎಂದು ತಿಳಿಯಬೇಕು.

ಅಂತರರಾಷ್ಟ್ರೀಯ ದರವೂ ಇದೇ ತತ್ವದ ಮೇಲೆ ನಿಂತಿದೆ. ಲಂಡನ್‌ನಲ್ಲಿ ದಿನಕ್ಕೆ ಎರಡು ಬಾರಿ, ಅಲ್ಲಿನ ಬೆಳಿಗ್ಗೆ 10.30ಕ್ಕೆ ಮತ್ತು ಮಧ್ಯಾಹ್ನ 3ಕ್ಕೆ, ಹರಾಜಿನ ಮೂಲಕ ನಿಗದಿಯಾಗುವ ಬೆಲೆಯು ಒಂದು ಟ್ರಾಯ್ ಔನ್ಸ್, ಅಂದರೆ 31.1035 ಗ್ರಾಂ ಶುದ್ಧ ಚಿನ್ನದ್ದು. ಅಲ್ಲಿನ ವ್ಯವಹಾರಕ್ಕೆ ಬರುವ ದೊಡ್ಡ ಗಟ್ಟಿಯಲ್ಲಿ 350ರಿಂದ 430 ಔನ್ಸ್‌ವರೆಗೆ ಶುದ್ಧ ಚಿನ್ನ ಇರಬಹುದಾದ್ದರಿಂದ ಪ್ರತಿಯೊಂದು ಗಟ್ಟಿಗೂ ಪ್ರತ್ಯೇಕ ಲೆಕ್ಕ ಬೇಕಾಗುತ್ತದೆ. ಉದಾಹರಣೆಗೆ, 401.250 ಔನ್ಸ್ ತೂಗುವ, 995.4 ಶುದ್ಧತೆಯ ಗಟ್ಟಿಯಲ್ಲಿ 399.404 ಔನ್ಸ್ ಶುದ್ಧ ಚಿನ್ನವಿದ್ದು, ಹಣ ಸಲ್ಲುವುದು ಅಷ್ಟಕ್ಕೆ ಮಾತ್ರ.

ಡಾಲರ್ ದರವನ್ನು ರೂಪಾಯಿಗೆ ಬದಲಿಸಿ, 31.1035ರಿಂದ ಭಾಗಿಸಿ, ಹತ್ತರಿಂದ ಗುಣಿಸಿದರೆ 10 ಗ್ರಾಂಗೆ ಮೂಲ ಬೆಲೆ ಬರುತ್ತದೆ. ಅದರ ಮೇಲೆ ಆಮದು ಸುಂಕ ಸೇರುತ್ತದೆ. 2024ರ ಜುಲೈನಲ್ಲಿ ಇದನ್ನು ಶೇ 15ರಿಂದ ಶೇ 6ಕ್ಕೆ ಇಳಿಸಿದಾಗ ಲಂಡನ್ ದರ ಕುಸಿಯದಿದ್ದರೂ ಇಲ್ಲಿನ ದರ ಇಳಿದದ್ದು ಈ ಕಾರಣಕ್ಕೇ. ಕೊನೆಯಲ್ಲಿ ಶೇ 3 ಜಿಎಸ್‌ಟಿ.

ಇನ್ನು ನನ್ನನ್ನು ಬಹಳವಾಗಿ ಕಾಡಿದ ಹಂತಕ್ಕೆ ಬರುತ್ತೇನೆ. ಪತ್ರಿಕೆಯ ಚಿನಿವಾರ ಪೇಟೆ ಅಂಕಣದಲ್ಲಾಗಲಿ, ಬೆಂಗಳೂರಿನ ನಗರ್ತಪೇಟೆಯ ಚಿನ್ನದ ಅಂಗಡಿಯಲ್ಲಾಗಲಿ 999 ಚಿನ್ನದ ದರ ಸಿಕ್ಕಿತು, ನಮ್ಮ ಕೈಯಲ್ಲಿರುವುದು 995ರ ಗಟ್ಟಿ ಎಂದುಕೊಳ್ಳೋಣ. ದರವನ್ನು ನೇರವಾಗಿ 0.995ರಿಂದ ಗುಣಿಸಬೇಕೆಂದು ಯಾರಿಗಾದರೂ ತೋಚುತ್ತದೆ, ಆದರೆ ಆ ಗುಣಾಕಾರ ಲಂಡನ್ ದರಕ್ಕೆ ಸರಿಯೇ ಹೊರತು ಇಲ್ಲಿಗೆ ಹೊಂದುವುದಿಲ್ಲ. ಲಂಡನ್ ದರವು ಸಾವಿರಕ್ಕೆ ಸಾವಿರ ಶುದ್ಧವಾದ ಚಿನ್ನದ ಬೆಲೆ. 999ರ ದರವಾದರೋ ಸಾವಿರದಲ್ಲಿ ಒಂದು ಭಾಗ ಆಗಲೇ ಕಡಿಮೆ ಇರುವ ಲೋಹದ ಬೆಲೆ. ಆ ಒಂದು ಭಾಗವನ್ನು ದರ ಕಟ್ಟುವಾಗಲೇ ಕಳೆದಾಗಿದೆ. 0.995ರಿಂದ ಗುಣಿಸಿದರೆ ಅದನ್ನು ಎರಡನೆಯ ಬಾರಿ ಕಳೆದಂತಾಗುತ್ತದೆ. ಆದ್ದರಿಂದ ಮೊದಲು 999ರಿಂದ ಭಾಗಿಸಿ, ಆಮೇಲೆ 995ರಿಂದ ಗುಣಿಸಬೇಕು.

ಸುಲಭವಾಗಲೆಂದು 10 ಗ್ರಾಂ 999 ಚಿನ್ನಕ್ಕೆ ದರ 99,900 ರೂಪಾಯಿ ಎಂದು ಇಟ್ಟುಕೊಳ್ಳೋಣ. ಆಗ ಒಂದೊಂದು ಭಾಗದ ಬೆಲೆ 100 ರೂಪಾಯಿ, 995ರ ದರ 99,500 ರೂಪಾಯಿ. ನೇರವಾಗಿ 0.995ರಿಂದ ಗುಣಿಸಿದವರಿಗೆ 99,400.50 ಬರುತ್ತದೆ. ವ್ಯತ್ಯಾಸ 99.50 ರೂಪಾಯಿ, ನೋಡಲು ಸಣ್ಣದು, ಆದರೆ ಒಂದು ಕಿಲೋ ಗಟ್ಟಿಯಲ್ಲಿ ಅದೇ 9,950 ರೂಪಾಯಿ ಆಗುತ್ತದೆ. ನನಗೆ ಅತ್ಯಂತ ಪ್ರಿಯವಾದ ಅಡ್ಡದಾರಿಯೂ ಇದೇ: ದರ ಯಾವುದೇ ಇರಲಿ, ಒಂದು ಭಾಗದ ಬೆಲೆಯನ್ನು ಮೊದಲು ಕಂಡುಹಿಡಿದುಬಿಟ್ಟರೆ 995, 916, 750 ಯಾವುದಕ್ಕೆ ಬೇಕಾದರೂ ಅದೇ ಸಂಖ್ಯೆ ಸಾಕು.

ಮುದ್ರೆಯ ಮೇಲೆ ನಂಬಿಕೆ ಇಲ್ಲದಿದ್ದರೆ ಪರೀಕ್ಷೆ ಆಗಬೇಕು. ಒರೆಗಲ್ಲು ಅಂದಾಜು ಕೊಡುತ್ತದೆ. ಎಕ್ಸ್‌ರೇ ಯಂತ್ರ ಮುಖ್ಯವಾಗಿ ಮೇಲ್ಮೈಯನ್ನಷ್ಟೇ ಓದುತ್ತದೆ. ಕರಾರುವಾಕ್ಕಾದ ಉತ್ತರ ಕೊಡುವುದು ಬೆಂಕಿಯ ಪರೀಕ್ಷೆ: ಗಟ್ಟಿಯಿಂದ ತೆಗೆದ ಚೂರನ್ನು ಬೆಳ್ಳಿಯ ಜೊತೆ ಸೀಸದ ತಗಡಿನಲ್ಲಿ ಸುತ್ತಿ ಕುಲುಮೆಗೆ ಇಟ್ಟಾಗ ಸೀಸವು ತಾಮ್ರದಂಥ ಕಲಬೆರಕೆಯನ್ನೆಲ್ಲ ಎಳೆದುಕೊಂಡು ಕೆಳಗಿನ ರಂಧ್ರಮಯ ಬಟ್ಟಲಿಗೆ ಇಂಗುತ್ತದೆ, ಉಳಿದ ಗುಂಡನ್ನು ತಟ್ಟಿ ತೆಳ್ಳಗೆ ಮಾಡಿ ನೈಟ್ರಿಕ್ ಆಮ್ಲದಲ್ಲಿ ಕುದಿಸಿದರೆ ಬೆಳ್ಳಿ ಕರಗಿ, ಚಿನ್ನ ಮಾತ್ರ ತೂಕಕ್ಕೆ ಸಿಗುತ್ತದೆ.

ಸಣ್ಣ ಗಟ್ಟಿಗಳಿಗೆ ತಯಾರಿಕೆಯ ಖರ್ಚು ಗ್ರಾಂ ಲೆಕ್ಕದಲ್ಲಿ ಹೆಚ್ಚು ಬೀಳುವುದರಿಂದ 1 ಗ್ರಾಂ ಗಟ್ಟಿಯು 100 ಗ್ರಾಂ ಗಟ್ಟಿಗಿಂತ ದುಬಾರಿ.

ಅಭ್ಯಾಸಕ್ಕೊಂದು ಲೆಕ್ಕ: ಮೇಲಿನ ದರದಲ್ಲಿ ಜಿಎಸ್‌ಟಿ ಸೇರಿಲ್ಲವೆಂದು ಭಾವಿಸಿದರೆ, 100 ಗ್ರಾಂನ 995 ಗಟ್ಟಿಗೆ 9,95,000 ರೂಪಾಯಿ, ಶೇ 3 ಸೇರಿಸಿ 10,24,850 ರೂಪಾಯಿ.